ಬಾನುಲಿಯ ಏರಿಯಲ್: ಮನೆಯೊಳಗೋ, ಹೊರಗೋ?

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸಲು ಮಳೆಗಾಲದಲ್ಲಿ ಹೊಳವು ದೊರೆಯುವುದು ಎಷ್ಟು ದುರ್ಲಭವೆಂಬುದನ್ನು ಸೊರಬ, ಶಿಕಾರಿಪುರ ತಾಲ್ಲೂಕುಗಳ ರೈತಬಾಂಧವರಿಗೆ ಹೇಳಬೇಕಾದುದಿಲ್ಲ. ದ್ರಾವಣವು ಒಣಗುವ ಮೊದಲೇ ಮಳೆ ಸುರಿದರೆ ಮೈಲುತುತ್ತ, ಸುಣ್ಣ, ಕೊನೆಗಾರನ ಕೂಲಿ ಮೂರೂ ನೀರುಪಾಲಾಗುವುವು. ದೂರವಾಣಿಯೂ ವಿದ್ಯುತ್ತೂ ಕೈಕೊಟ್ಟ ದಿನ ಹವಾಮಾನದ ಸೂಚನೆಯನ್ನು ತಿಳಿಸತಕ್ಕದ್ದು ಬ್ಯಾಟರಿಯ ರೇಡಿಯೋ ಒಂದೇ. ಆದುದರಿಂದ ಅದರ ಏರಿಯಲ್ಲಿನ ವಿಚಾರವು ವ್ಯವಸಾಯಕ್ಕೆ ಹೊರತಾದುದಲ್ಲ.

1965ರಲ್ಲಿ ಆರಂಭವಾದ ಭದ್ರಾವತಿಯ ಆಕಾಶವಾಣಿ ನಿಲಯವು ನಮಗೆ ಆಗ್ನೇಯ ದಿಕ್ಕಿನಲ್ಲಿದೆ. ನೇರ ಅಳತೆಯಲ್ಲಿ ಶಿಕಾರಿಪುರಕ್ಕೆ ಸುಮಾರು 60 ಕಿಲೋಮೀಟರು, ಸೊರಬಕ್ಕೆ ಸುಮಾರು 88 ಕಿಲೋಮೀಟರು ದೂರ. ಈ ದೂರದಲ್ಲಿ ಏರಿಯಲ್ಲಿನ ಸ್ಥಾನವೇ ಮುಖ್ಯವಾಗುತ್ತದೆ.

ಮೀಡಿಯಂ ವೇವ್ ಅಲೆಗಳು ನೆಲವನ್ನು ಅನುಸರಿಸಿ ಬಹುದೂರ ಬರುವುವು. ಇವುಗಳಿಗಾಗಿ ಟ್ರಾನ್ಸಿಸ್ಟರ್ ಪೆಟ್ಟಿಗೆಯೊಳಗೇ ಫೆರೈಟ್ ಕಡ್ಡಿಯಿದೆ. ಪೆಟ್ಟಿಗೆಯನ್ನು ಮೆಲ್ಲನೆ ತಿರುಗಿಸುತ್ತಾ ಧ್ವನಿ ಸ್ಪಷ್ಟವಾದಲ್ಲಿ ನಿಲ್ಲಿಸಿದರೆ ಸಾಕು. ದೂರದ ನಿಲಯವು ಬೇಕಾದಲ್ಲಿ ಮಾತ್ರ 10–15 ಮೀಟರು ತಂತಿಯನ್ನು ಹೊರಗೆ ಎಳೆದು, ಅದರ ತುದಿಯನ್ನು ಪೆಟ್ಟಿಗೆಗೆ ನಾಲ್ಕಾರು ಸುತ್ತು ಸುತ್ತಬಹುದು.

ಎಫ್.ಎಂ. ಅಲೆಗಳ ರೀತಿ ಬೇರೆ. ಅವು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಗುಡ್ಡವೂ ತಗಡಿನ ಮಾಡೂ ಅಡ್ಡಿಯಾಗುವುವು. ಸಮನೆಲದಲ್ಲಿ ಏರಿಯಲ್ಲನ್ನು 1 ಮೀಟರಿನಿಂದ 9 ಮೀಟರಿಗೆ ಏರಿಸಿದರೆ ಅದರ ಕಡೆಯ ದಿಗಂತವು ಸುಮಾರು 4 ಕಿಲೋಮೀಟರಿನಿಂದ 12ಕ್ಕೆ ಹಿಗ್ಗುತ್ತದೆ. 100 ಮೆಗಾಹರ್ಟ್ಸಿನ ಅಲೆಯ ಉದ್ದ 3 ಮೀಟರು. ಆದಕಾರಣ ತಲಾ 70 ಸೆಂಟಿಮೀಟರಿನ ಎರಡು ಲೋಹದ ಕಡ್ಡಿಗಳನ್ನು ಒಂದೇ ಸಾಲಿನಲ್ಲಿ, ನಡುವೆ ತುಸು ಅಂತರವಿಟ್ಟು ಕಟ್ಟಿ, ಟಿ.ವಿ. ಕೇಬಲ್ಲಿನ ನಡುತಂತಿಯನ್ನು ಒಂದಕ್ಕೂ ಹೊರಹೆಣಿಗೆಯನ್ನು ಇನ್ನೊಂದಕ್ಕೂ ಜೋಡಿಸಿ, ಕಡ್ಡಿಗಳ ಮಗ್ಗುಲನ್ನು ಭದ್ರಾವತಿಯ ಕಡೆಗೆ ತಿರುಗಿಸಿದರೆ ಉತ್ತಮವಾದ ಹೊರ ಏರಿಯಲ್ ಆಗುತ್ತದೆ.

ಆದರೆ ಮೊದಲು ಖರ್ಚಿಲ್ಲದ ಉಪಾಯವನ್ನು ಮಾಡಿ ನೋಡತಕ್ಕದ್ದು. ಸೊರಬದ ಕಡೆ ಸಂಚಾರದಲ್ಲಿದ್ದಾಗ ಗೃಹಸ್ಥರೊಬ್ಬರು, "ಸ್ವಾಮಿ, ಪೆಟ್ಟಿಗೆ ಬರೀ ಗೊರಗೊರ ಎನ್ನುತ್ತದೆ. ಏರಿಯಲ್ ಕಟ್ಟಲು ಬಿದಿರು ಕಡಿಸಿಟ್ಟಿದ್ದೇನೆ" ಎಂದರು. ನೋಡಲಾಗಿ ರೇಡಿಯೋ ತಗಡಿನ ಮಾಡಿನ ಕೆಳಗೆ, ಎಲ್.ಇ.ಡಿ. ದೀಪದ ಮಗ್ಗುಲಲ್ಲಿತ್ತು. ದೀಪವನ್ನು ಆರಿಸಿ, ಪೆಟ್ಟಿಗೆಯನ್ನು ಜಗುಲಿಯ ಆಗ್ನೇಯ ಮೂಲೆಗೆ ತಂದು, ಅದರ ಕಡ್ಡಿಯನ್ನು ಪೂರ್ತಿ ಎಳೆದುದೇ ತಡ, ಮಾತು ತಿಳಿಯಾಗಿ ಕೇಳಿಸಿತು. ಅವರು ಗಳುವನ್ನು ನೆಡಬೇಕೆಂದಿದ್ದ ಸ್ಥಳವನ್ನು ನೋಡಿದಾಗ ನನ್ನ ಎದೆ ನಡುಗಿತು. ಗಾಳಿಗೆ ಅದು ವಾಲಿದರೆ ನೇರವಾಗಿ ವಿದ್ಯುತ್ ತಂತಿಯ ಮೇಲೆ ಬೀಳುವಂತಿತ್ತು!

ಹೊರ ಏರಿಯಲ್ಲೇ ಬೇಕೆಂಬವರು ಈ ಎಚ್ಚರಿಕೆಗಳನ್ನು ಮರೆಯಬಾರದು:

1. ಗಳುವು ಯಾವ ಕಡೆಗೆ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರದಲ್ಲಿರಬೇಕು.
2. ಲೋಹದ ಕಂಬವಾದರೆ ಅದನ್ನು ತಿಳಿದವರಿಂದ ಭೂಮಿಗೆ ಜೋಡಿಸಿಸಬೇಕು.
3. ಸಿಡಿಲು ಬರುವ ಮುನ್ನವೇ ತಂತಿಯನ್ನು ಪೆಟ್ಟಿಗೆಯಿಂದ ಬಿಡಿಸಬೇಕು. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಲೇಬಾರದು.

ಸಾರಾಂಶವಿಷ್ಟೆ: ಒಳಗಿನ ಏರಿಯಲ್ಲಿಗೆ ಸರಿಯಾದ ಸ್ಥಳವನ್ನು ಹುಡುಕಿರಿ, ಅದು ಸಾಲದಿದ್ದರೆ ಮಾತ್ರ ಹೊರಗೆ ಕಟ್ಟಿರಿ. ಬೆಳೆಯನ್ನುಳಿಸುವ ವಾರ್ತೆಗಾಗಿ ಪ್ರಾಣವನ್ನು ಪಣವಾಗಿಡುವುದು ಯಾವ ರೈತನಿಗೂ ತಕ್ಕುದಲ್ಲ.