ಬನ್ನಿ ಎಂದವರು ಚಾಪೆ ಹಾಸಿದರೇ?

ಬೆಳಗಿನ ಆರೂಮುಕ್ಕಾಲಿಗೆ ನನ್ನ ಶಿಫ್ಟ್ ಶುರು. ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿನ ಒಂದು ವೃದ್ಧಾಲಯದಲ್ಲಿ ನಾನು ಪಿ.ಎಸ್.ಡಬ್ಲ್ಯು., ಅಂದರೆ ಪರ್ಸನಲ್ ಸಪೋರ್ಟ್ ವರ್ಕರ್. ವಯಸ್ಸಾದವರನ್ನು ಎಬ್ಬಿಸುವುದು, ಡಯಾಪರ್ ಬದಲಿಸುವುದು, ಮೈ ತೊಳೆಸುವುದು, ಹಲ್ಲಿನ ಸೆಟ್ಟು ಉಜ್ಜಿ ಬಾಯಿಗಿಡುವುದು, ಗಾಲಿಕುರ್ಚಿಯಲ್ಲಿ ಕೂರಿಸಿ ಊಟದ ಹಾಲಿಗೆ ತಳ್ಳಿಕೊಂಡು ಹೋಗುವುದು ನನ್ನ ಕೆಲಸ. ಕಾಲಲ್ಲಿ ಬಲವಿಲ್ಲದವರನ್ನು ಎತ್ತಲು ಜೋಲಿ ಕಟ್ಟಿದ ಲಿಫ್ಟ್ ಯಂತ್ರವಿದೆ. ಅದಕ್ಕೆ ಇಬ್ಬರು ಇರಲೇಬೇಕೆಂದು ನಿಯಮ. ಒಂದು ಕಡೆ ನಾನು ನಿಂತರೆ ಇನ್ನೊಂದು ಕಡೆ ಫಿಲಿಪೀನ್ಸಿನವಳೋ, ಪಂಜಾಬಿನವಳೋ, ಜಮೈಕಾದವಳೋ ಇರುತ್ತಾಳೆ. ಜೋಲಿಯೊಳಗಿರುವವರು ಹೆಚ್ಚಾಗಿ ಇಲ್ಲೇ ಹುಟ್ಟಿ ಬೆಳೆದ ಬಿಳಿಯರು. ಈ ದೇಶಕ್ಕೆ ಹೊರಗಿನವರು ಬೇಕೋ ಬೇಡವೋ ಎಂದು ಹಾಲಿನ ಟಿ.ವಿ.ಯಲ್ಲಿ ಚರ್ಚೆ ನಡೆಯುತ್ತಿರುತ್ತದೆ. ಅದೇ ಹಾಲಿನಲ್ಲಿ ನಾವು ಚಮಚದಲ್ಲಿ ಗಂಜಿ ಕುಡಿಸುತ್ತಿರುತ್ತೇವೆ.

ನಾನು ಸಕಲೇಶಪುರದ ಕಡೆಯವಳು. ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಹಾಸನದ ಒಂದು ಪಿ.ಯು. ಕಾಲೇಜಿನಲ್ಲಿ ಏಳು ವರ್ಷ ಪಾಠ ಹೇಳಿದ್ದೆ. 2006ರ ಫೆಬ್ರವರಿಯಲ್ಲಿ ಗಂಡ, ಎರಡು ವರ್ಷದ ಮಗಳು, ಆರು ಸೂಟ್‌ಕೇಸುಗಳ ಸಮೇತ ಇಲ್ಲಿ ಇಳಿದೆ. ಕೆನಡಾ ಅಂಕ ಹಾಕಿ ಜನರನ್ನು ಆರಿಸಿಕೊಳ್ಳುವ ದೇಶ. 1967ರಲ್ಲಿ ಬಂದ ಪದ್ಧತಿ ಇದು: ಓದಿಗಿಷ್ಟು, ವಯಸ್ಸಿಗಿಷ್ಟು, ಭಾಷೆಗಿಷ್ಟು, ಅನುಭವಕ್ಕಿಷ್ಟು. ನಮ್ಮ ಕಾಲಕ್ಕೆ ನೂರಕ್ಕೆ 67 ಬಂದರೆ ಪಾಸು. ನಮ್ಮ ಯಜಮಾನರಿಗೆ ಬಂದದ್ದು 70. ಅದರಲ್ಲಿ 5 ಅಂಕ ಹೆಂಡತಿ ಎಂ.ಎಸ್ಸಿ. ಓದಿದ್ದಾಳೆ ಎಂಬುದಕ್ಕೆ. ಲೆಕ್ಕ ಹಾಕಿ ನೋಡಿ, ನನ್ನ ಡಿಗ್ರಿ ಇಲ್ಲದಿದ್ದರೆ ಅರ್ಜಿ ಫೇಲಾಗುತ್ತಿತ್ತು. ಬಂದ ಮೇಲೆ ಆ ಡಿಗ್ರಿಯನ್ನು ಯಾರೂ ಬಿಡಿಸಿಯೂ ನೋಡಲಿಲ್ಲ. ಹೋದಲ್ಲೆಲ್ಲ "ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಇದೆಯಾ?" ಎಂಬ ಒಂದೇ ಪ್ರಶ್ನೆ. ನಿನ್ನೆ ತಾನೇ ವಿಮಾನ ಇಳಿದವಳಿಗೆ ಅದೆಲ್ಲಿಂದ ಬರಬೇಕು! ಎರಡು ವರ್ಷ ಡೋನಟ್ ಅಂಗಡಿಯಲ್ಲಿ ಕಾಫಿ ಬಗ್ಗಿಸಿ, ಆಮೇಲೆ ಪಿ.ಎಸ್.ಡಬ್ಲ್ಯು. ಕೋರ್ಸು ಮಾಡಿಕೊಂಡೆ. ಮೋಸ ಹೋದೆ ಅನ್ನಲಾರೆ, ಸ್ವಂತ ಮನೆಯಾಯಿತು, ಮಗಳು ಓದಿದಳು. ಆದರೆ ನನ್ನ ಎಂ.ಎಸ್ಸಿ. ಈ ದೇಶಕ್ಕೆ ಬಾಗಿಲು ದಾಟಿಸುವ ಟಿಕೆಟ್ಟಾಗಿ ಬೇಕಿತ್ತೇ ಹೊರತು ವಿದ್ಯೆಯಾಗಿ ಬೇಕಿರಲಿಲ್ಲ.

ಜನರನ್ನು ಕರೆಸಿ ದೇಶ ತುಂಬಿಸುವುದು ಕೆನಡಾಕ್ಕೆ ಹೊಸದಲ್ಲ. ನಮ್ಮ ಮೂರನೇ ಮಹಡಿಯಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು, ಹುಟ್ಟಿದ್ದು ಸಸ್ಕಾಚುವಾನಿನ ಬಯಲಲ್ಲಿ. ಸ್ನಾನ ಮಾಡಿಸುವಾಗ ಅವರಿಗೆ ಮಾತು ಬರುತ್ತಿತ್ತು. ಅವರ ತಾತ ಈಗಿನ ಉಕ್ರೇನಿನ ಕಡೆಯಿಂದ ಬಂದವರಂತೆ. ಹತ್ತು ಡಾಲರ್ ಕಟ್ಟಿದ್ದಕ್ಕೆ 160 ಎಕರೆ ಜಮೀನು ಸಿಕ್ಕಿತಂತೆ, ಮೊದಲ ಚಳಿಗಾಲವನ್ನು ಹುಲ್ಲುಹೆಂಟೆ ಕಡಿದು ಕಟ್ಟಿದ ಗುಡಿಸಲಲ್ಲಿ ಕಳೆದರಂತೆ. ಇದು ಅಜ್ಜಿಕಥೆಯಲ್ಲ. 1872ರ ಕಾಯ್ದೆಯಲ್ಲಿ ದರ ಅಷ್ಟೇ ಇತ್ತು. 1896ರಿಂದ 1905ರವರೆಗೆ ಒಳಾಡಳಿತ ಮಂತ್ರಿಯಾಗಿದ್ದ ಕ್ಲಿಫರ್ಡ್ ಸಿಫ್ಟನ್ ಎಂಬಾತ ಪೂರ್ವ ಯುರೋಪಿನ ರೈತರನ್ನು ಹಡಗುಗಟ್ಟಲೆ ಕರೆಸಿಕೊಂಡ. ಗೋಧಿ ಬೆಳೆಯಬೇಕಿತ್ತು, ರೈಲು ದಾರಿಯ ಪಕ್ಕ ಜನ ಬೇಕಿತ್ತು. ಆ ಬಯಲಲ್ಲಿ ಮೂಲನಿವಾಸಿಗಳು ಆಗಲೇ ಇದ್ದರು ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅದೇ ಕಾಲದಲ್ಲಿ ನಮ್ಮಂಥವರಿಗೆ ಬಾಗಿಲು ಮುಚ್ಚಿತ್ತು. ಚೀನೀಯರ ಮೇಲೆ 1885ರಲ್ಲಿ ಹಾಕಿದ 50 ಡಾಲರ್ ತಲೆಗಂದಾಯ 1903ಕ್ಕೆ 500 ಆಯಿತು. 1914ರಲ್ಲಿ 'ಕೊಮಗಾಟ ಮಾರು' ಹಡಗಿನಲ್ಲಿ ವ್ಯಾಂಕೂವರಿಗೆ ಬಂದ 376 ಭಾರತೀಯರನ್ನು ಎರಡು ತಿಂಗಳು ನೀರಲ್ಲೇ ನಿಲ್ಲಿಸಿ, ಬೆರಳೆಣಿಕೆಯಷ್ಟು ಜನರನ್ನು ಇಳಿಸಿಕೊಂಡು ಉಳಿದವರನ್ನು ವಾಪಸು ಅಟ್ಟಿದರು. ಇದಕ್ಕೆ ಆಗಿನ ಪ್ರಧಾನಿ ಟ್ರುಡೊ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ. ಆ ಸುದ್ದಿ ಬಂದ ದಿನ ನಮ್ಮ ಊಟದ ಕೋಣೆಯಲ್ಲಿ ಪಂಜಾಬಿ ಗೆಳತಿ ಎಲ್ಲರಿಗೂ ಲಡ್ಡು ಹಂಚಿದಳು.

ಈಗ ಜನ ಯಾಕೆ ಬೇಕು? ಗೋಧಿಗಲ್ಲ, ನಮ್ಮ ಮೂರನೇ ಮಹಡಿಗೆ. ಇಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಹುಟ್ಟುವ ಮಕ್ಕಳು 2023ರ ಲೆಕ್ಕದಲ್ಲಿ 1.26. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು. ಐವತ್ತು ವರ್ಷದ ಹಿಂದೆ ನಿವೃತ್ತರೊಬ್ಬರಿಗೆ ದುಡಿಯುವವರು ಏಳು ಜನ ಇದ್ದರು, ಈಗ ಮೂರರ ಹತ್ತಿರಕ್ಕೆ ಬಂದಿದೆ, 2035ಕ್ಕೆ ಎರಡಾಗಬಹುದು ಎಂದು ಸರ್ಕಾರವೇ ಹೇಳಿಕೊಂಡಿದೆ. ನಮ್ಮ ಲಿಫ್ಟ್ ಯಂತ್ರಕ್ಕೇ ಇಬ್ಬರು ಬೇಕು, ಅಲ್ಲಿಗೆ ಮುಗಿಯಿತಲ್ಲ! ತೆರಿಗೆ ಕಟ್ಟುವವರು, ಬಸ್ ಓಡಿಸುವವರು, ಆಸ್ಪತ್ರೆ ನಡೆಸುವವರು ಯಾರು? ಈ ಶತಮಾನ ಮುಗಿಯುವುದರೊಳಗೆ ಕೆನಡಾ 10 ಕೋಟಿ ಜನರ ದೇಶವಾಗಬೇಕು ಎಂದು ವಾದಿಸುವ 'ಸೆಂಚುರಿ ಇನಿಷಿಯೇಟಿವ್' ಎಂಬ ಗುಂಪೇ ಇದೆ. 2023ರ ಜೂನ್ 16ಕ್ಕೆ ಜನಸಂಖ್ಯೆ 4 ಕೋಟಿ ಮುಟ್ಟಿತು. ವಿಸ್ತಾರದಲ್ಲಿ ಜಗತ್ತಿನ ಎರಡನೇ ದೊಡ್ಡ ದೇಶಕ್ಕೆ ಇಷ್ಟೇ ಜನವಾ ಎಂದು ಊರಲ್ಲಿ ಅಮ್ಮ ಆಶ್ಚರ್ಯಪಟ್ಟರು. ಜಾಗವೇನೋ ಬೇಕಾದಷ್ಟಿದೆ. ಹಿಮದ ಮೇಲೆ ಯಾರೂ ಸಂಸಾರ ಹೂಡುವುದಿಲ್ಲ ಅಷ್ಟೆ. ಎಲ್ಲರೂ ಅಮೆರಿಕದ ಗಡಿಗೆ ಅಂಟಿಕೊಂಡ ನಾಲ್ಕೈದು ಊರುಗಳಿಗೇ ಬರುತ್ತಾರೆ.

ಎಡವಟ್ಟಾದದ್ದು ಇಲ್ಲಿಯೇ. 2023 ಒಂದೇ ವರ್ಷದಲ್ಲಿ ದೇಶಕ್ಕೆ ಸುಮಾರು 12 ಲಕ್ಷ 70 ಸಾವಿರ ಜನ ಸೇರಿದರು. ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಪಾಲು ಹೊರಗಿನಿಂದ ಬಂದವರದು. ಅದೇ ವರ್ಷ ಕಟ್ಟಲು ಶುರು ಮಾಡಿದ ಮನೆಗಳು 2 ಲಕ್ಷ 40 ಸಾವಿರ. ಬಂದವರಲ್ಲಿ ಅಂಕದಿಂದಲೋ ಬೇರೆ ಕ್ರಮದಲ್ಲೋ ಆಯ್ಕೆಯಾಗಿ ಪಿ.ಆರ್., ಅಂದರೆ ಕಾಯಂ ವಾಸದ ಹಕ್ಕು, ಪಡೆದವರು ನಾಲ್ಕು ಮುಕ್ಕಾಲು ಲಕ್ಷದಷ್ಟು. ಉಳಿದ ಎಂಟು ಲಕ್ಷ ಹಂಗಾಮಿ ಜನ: ವಿದ್ಯಾರ್ಥಿಗಳು, ವರ್ಕ್ ಪರ್ಮಿಟ್ಟಿನವರು, ಆಶ್ರಯ ಕೇಳಿ ಬಂದವರು. ಎಷ್ಟು ಜನರಿಗೆ ಪಿ.ಆರ್. ಎಂದು ಪ್ರತಿವರ್ಷ ಪಾರ್ಲಿಮೆಂಟಿನಲ್ಲಿ ಲೆಕ್ಕ ಓದುತ್ತಿದ್ದರು. ಹಂಗಾಮಿಯವರಿಗೆ ಅಂಥ ಮಿತಿಯೇ ಇರಲಿಲ್ಲ. ಮುಂಬಾಗಿಲಲ್ಲಿ ಟೋಕನ್ ಕೊಟ್ಟು ಕೂರಿಸಿ, ಹಿತ್ತಿಲ ಬಾಗಿಲು ಹಾರುಹೊಡೆದು ಬಿಟ್ಟಂತಾಯಿತು.

ಹಿತ್ತಿಲ ಬಾಗಿಲಿಗೆ ಕಾರಣವೂ ಇದೆ. 2019ರಲ್ಲಿ ನಮ್ಮ ಒಂಟಾರಿಯೊ ಪ್ರಾಂತ್ಯದ ಸರ್ಕಾರ ಸ್ಥಳೀಯ ಮಕ್ಕಳ ಕಾಲೇಜು ಶುಲ್ಕವನ್ನು ಶೇ. 10 ಇಳಿಸಿ, ಮತ್ತೆ ಏರಿಸದಂತೆ ಕಟ್ಟಿಹಾಕಿತು. ಕಾಲೇಜುಗಳು ಆ ಹಳ್ಳವನ್ನು ಹೊರದೇಶದ ಮಕ್ಕಳ ದುಡ್ಡಿನಿಂದ ತುಂಬಿಕೊಂಡವು. ಅವರು ಕಟ್ಟುವುದು ಹಲವು ಪಟ್ಟು. ನಮ್ಮ ಬೇಸ್ಮೆಂಟಿನಲ್ಲಿ ಬಾಡಿಗೆಗಿರುವ ಮದ್ದೂರಿನ ಹುಡುಗಿ ಹಾಗೆ ಬಂದವಳು. 2023ರ ಆಗಸ್ಟಿನಲ್ಲಿ ಬಂದಿಳಿದಾಗ ಅವಳ ಕೈಯಲ್ಲಿ ಎರಡು ವರ್ಷದ ಬಿಸಿನೆಸ್ ಡಿಪ್ಲೊಮಾ ಸೀಟು, ಖರ್ಚಿಗೆಂದು ಬ್ಯಾಂಕಿನಲ್ಲಿಟ್ಟ 10,000 ಡಾಲರ್, ಊರಲ್ಲಿ ಅಪ್ಪ ಅಡ ಇಟ್ಟ ಗದ್ದೆ. ನಮ್ಮ ಮನೆಗೆ ಬರುವ ಮುಂಚೆ ಪಕ್ಕದ ರಸ್ತೆಯ ಬೇಸ್ಮೆಂಟೊಂದರಲ್ಲಿ ಇದ್ದಳು. ಎರಡು ಕೋಣೆಗೆ ಒಂಬತ್ತು ಜನ. ಹಾಸಿಗೆಯೂ ಶಿಫ್ಟ್ ಲೆಕ್ಕದಲ್ಲಿ, ರಾತ್ರಿ ಪಾಳಿಯವರು ಎದ್ದು ಹೋದ ಮೇಲೆ ಹಗಲಿನವರು ಬಂದು ಮಲಗುವುದು. "ಆಂಟಿ, ಒಂದಿನಾನೂ ದಿಂಬು ತಣ್ಣಗಿರ್ತಿರ್ಲಿಲ್ಲ" ಅಂದಳು.

ನಾನೇನು ದೂರ ನಿಂತು ಮಾತಾಡುತ್ತಿಲ್ಲ. ಆ ವರ್ಷ ಬೇಸ್ಮೆಂಟ್ ಬಾಡಿಗೆಯನ್ನು ನಾವೂ ಏರಿಸಿದೆವು. ಬೋರ್ಡು ಹಾಕಿದ ಸಂಜೆಯೇ ಹದಿನಾಲ್ಕು ಫೋನು ಬಂದರೆ ಏರಿಸದೆ ಇರಲು ನಾವೇನು ಸಂತರೇ? ಮನೆ ಸಾಲದ ಬಡ್ಡಿಯೂ ಏರಿತ್ತು ಎಂದು ಯಜಮಾನರು ಸಮಜಾಯಿಷಿ ಕೊಡುತ್ತಾರೆ, ಅದೂ ನಿಜ. ಮನೆ ದುಬಾರಿಯಾದದ್ದಕ್ಕೆಲ್ಲ ವಲಸೆಯೇ ಕಾರಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂಟಿ ಮನೆಗಳ ಬಡಾವಣೆಯಲ್ಲಿ ನಾಲ್ಕು ಮಹಡಿ ಕಟ್ಟಲು ಬಿಡದ ನಗರಸಭೆಗಳ ಪಾಲೂ ಅದರಲ್ಲಿದೆ.

ಆಮೇಲೆ ಸರ್ಕಾರ ಬ್ರೇಕ್ ಒತ್ತಿತು. 2024ರ ಜನವರಿಯಲ್ಲಿ ವಿದ್ಯಾರ್ಥಿಗಳಿಗೆ ಮಿತಿ, ಖರ್ಚಿನ ಠೇವಣಿ 20,635 ಡಾಲರಿಗೆ ಏರಿಕೆ. ಅಕ್ಟೋಬರಿನಲ್ಲಿ, 2025ಕ್ಕೆ 5 ಲಕ್ಷ ಎಂದಿದ್ದ ಪಿ.ಆರ್. ಗುರಿಯನ್ನು 3 ಲಕ್ಷ 95 ಸಾವಿರಕ್ಕೆ ಇಳಿಸಿದರು. ಅಷ್ಟರೊಳಗೆ ಜನರ ಮನಸ್ಸು ಕೆಟ್ಟಿತ್ತು. ಎನ್ವಿರಾನಿಕ್ಸ್ ಸಂಸ್ಥೆಯ ಆ ವರ್ಷದ ಸಮೀಕ್ಷೆಯಲ್ಲಿ ಶೇ. 58 ಮಂದಿ ವಲಸೆ ವಿಪರೀತವಾಯಿತು ಎಂದರು, ಕಾಲು ಶತಮಾನದಲ್ಲಿ ಮೊದಲ ಬಾರಿಗೆ. ಇಪ್ಪತ್ತು ವರ್ಷದಲ್ಲಿ ಬಸ್ ಸ್ಟಾಪಿನಲ್ಲಿ ನನ್ನನ್ನು ಯಾರೂ "ಯಾವಾಗ ವಾಪಸು ಹೋಗುತ್ತೀ?" ಎಂದು ಕೇಳಿರಲಿಲ್ಲ. ಈಚೆಗೆ ಒಬ್ಬರು ಕೇಳಿದರು. ಮೈಮೇಲೆ ಯೂನಿಫಾರ್ಮಿತ್ತು. ಅವರ ತಾಯಿಯಂಥವರನ್ನೇ ಆಗಷ್ಟೇ ಮಲಗಿಸಿ ಬಂದಿದ್ದೆ.

ಮದ್ದೂರಿನ ಹುಡುಗಿಯ ಗತಿ? ಡಿಪ್ಲೊಮಾ ಮುಗಿದಿದೆ, ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಪ್ಯಾಕ್ ಮಾಡುತ್ತಾಳೆ. ಪರ್ಮಿಟ್ಟು 2028ಕ್ಕೆ ಮುಗಿಯುತ್ತದೆ. ಪಿ.ಆರ್. ಅಂಕಗಳ ಲೆಕ್ಕ ಈಗ 1,200ಕ್ಕೆ, ಅವಳ ಡಿಪ್ಲೊಮಾ ಅದರಲ್ಲಿ ಹೆಚ್ಚಿಗೆ ತೂಗುವುದಿಲ್ಲ. ಕೆಲಸದ ಕಾಗದ, ಎಲ್.ಎಂ.ಐ.ಎ. ಅನ್ನುತ್ತಾರೆ, ದುಡ್ಡಿಗೆ ಮಾಡಿಸಿಕೊಡುವ ಏಜೆಂಟರು ಸುತ್ತುತ್ತಿದ್ದಾರೆ. ಬೇಡ ಕಣಮ್ಮ ಅಂದಿದ್ದೇನೆ. ಬೇರೇನು ಮಾಡಲಿ ಆಂಟಿ ಎಂದರೆ ನನ್ನ ಹತ್ತಿರವೂ ಉತ್ತರವಿಲ್ಲ.

ಹಾಗಾದರೆ ವಲಸೆಯಿಂದ ದೇಶ ಬೆಳೆಯಬೇಕೋ ಬೇಡವೋ? ನನ್ನನ್ನು ಕೇಳಿದರೆ ಬೇಕು. ನಾವು ಬರದಿದ್ದರೆ ಆ ಮೂರನೇ ಮಹಡಿ ಒಂದು ದಿನವೂ ನಡೆಯುವುದಿಲ್ಲ. ಆದರೆ ಮುಪ್ಪಿಗೆ ಇದು ಮದ್ದು ಎಂದು ಮಾತ್ರ ಯಾರೂ ನನಗೆ ಹೇಳಬೇಡಿ. 31ಕ್ಕೆ ಬಂದ ನನಗೆ ಈಗ 51. ಮಂಡಿ ಸವೆದಿದೆ. ಇನ್ನು ಹದಿನೈದು ವರ್ಷಕ್ಕೆ ನಾನೂ ನಿವೃತ್ತರ ಪಟ್ಟಿಗೆ, ಆಮೇಲೊಂದು ದಿನ ಅದೇ ಜೋಲಿಗೆ. ನನಗಿರುವುದು ಒಬ್ಬಳೇ ಮಗಳು, ಅವಳು ಮದುವೆಯ ಸುದ್ದಿಯನ್ನೇ ಎತ್ತಗೊಡುವುದಿಲ್ಲ. ಬಂದವರೂ ಇಲ್ಲಿಯವರಂತೆಯೇ ಕಡಿಮೆ ಹೆರುತ್ತಾರೆ, ಇಲ್ಲಿಯವರಂತೆಯೇ ಮುದುಕರಾಗುತ್ತಾರೆ. ವಲಸೆ ಕೊಡುವುದು ಒಂದಿಷ್ಟು ವರ್ಷಗಳ ಗಡುವು. ಆ ಗಡುವಿನಲ್ಲಿ ಮನೆ ಕಟ್ಟಬೇಕು, ಓದಿಬಂದವರ ಡಿಗ್ರಿ ಬಿಡಿಸಿ ನೋಡಬೇಕು. ಲಕ್ಷಾಂತರ ಮಂದಿಗೆ ಕುಟುಂಬ ವೈದ್ಯರೇ ಇಲ್ಲದ ದೇಶದಲ್ಲಿ ಹೊರಗಿನಿಂದ ಬಂದ ಡಾಕ್ಟರು ಟ್ಯಾಕ್ಸಿ ಓಡಿಸುತ್ತಾ ಕೂರಬಾರದು. ಎಷ್ಟು ಜನರಿಗೆ ಸೂರು ಕೊಡಬಲ್ಲೆವು ಎಂದು ಎಣಿಸಿಯೇ ಎಷ್ಟು ಜನ ಬನ್ನಿ ಎನ್ನಬೇಕು, ಮತ್ತು ಕರೆಯುವುದನ್ನು ಮುಂಬಾಗಿಲಲ್ಲೇ ನಿಂತು ಕರೆಯಬೇಕು.

ಇದು ಕೆನಡಾದವರ ತಲೆನೋವು ಎಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳ ಸರಾಸರಿ ಹೆರಿಗೆ 1.7, ನಾವೂ 2.1ರಿಂದ ಕೆಳಕ್ಕೆ ಇಳಿದಾಗಿದೆ. ಕಾಫಿ ಸೀಮೆಗೆ ಅಸ್ಸಾಮಿನಿಂದ ಕೂಲಿಯವರು ಬರತೊಡಗಿ ಎಷ್ಟೋ ವರ್ಷವಾಯಿತು. ಹೋದ ಸಲ ಊರಿಗೆ ಹೋದಾಗ ನನ್ನ ತಮ್ಮನ ಎಂಟು ಎಕರೆ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದವರು ಅಸ್ಸಾಮಿನ ಎರಡು ಸಂಸಾರ, ಒಟ್ಟು ಹನ್ನೊಂದು ಜನ. ಅವರಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಉದುರಿಹೋಗುತ್ತಿತ್ತು ಅಕ್ಕ ಎಂದ ತಮ್ಮ. ಅವರಿದ್ದ ಲೈನ್ ಮನೆಯೊಳಗೆ ಇಣುಕಿದೆ. ಒಂದೇ ಕೋಣೆ, ಗೋಡೆಯುದ್ದಕ್ಕೂ ಸುತ್ತಿಟ್ಟ ಚಾಪೆಗಳು. ಕಕ್ಕಸು ಎಲ್ಲಿ ಎಂದು ಕೇಳಿದೆ. "ಮುಂದಿನ್ ವರ್ಷ ಕಟ್ಟಿಸ್ತೀನಿ ಕಣಕ್ಕ" ಅಂದ.

ಆ ಮಾತಿಗೆ ಈಗ ಎರಡು ಕುಯ್ಲಾಯಿತು. ಮೊನ್ನೆ ಫೋನಿನಲ್ಲಿ ಕೇಳಿದೆ, ಇನ್ನೂ ಕಟ್ಟಿಸಿಲ್ಲ.