ಎಸಿ ಹಾಕಿದ್ರೂ ಬಿಸಿ ಗಾಳಿನಾ? ಗ್ಯಾಸ್ ತುಂಬಿಸೋಕೆ ಮುಂಚೆ ಹೀಟರ್ ಟ್ಯಾಪ್ ನೋಡಿಸಿ

ಯಲಹಂಕ: ಮಧ್ಯಾಹ್ನ ಹೆಬ್ಬಾಳ ಫ್ಲೈಓವರ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಿದ್ದೀರಿ. ಎಸಿ ಫುಲ್ ಇದೆ, ಆದ್ರೆ ಒಳಗೆ ಬರ್ತಿರೋದು ಬೆಚ್ಚನೆ ಗಾಳಿ. ಗ್ಯಾರೇಜಿಗೆ ಹೋದರೆ ಮೊದಲು ಬರುವ ಮಾತು, 'ಗ್ಯಾಸ್ ಖಾಲಿ ಆಗಿದೆ, ತುಂಬಿಸಿಬಿಡೋಣ'. ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿರಬಹುದು. ಆದರೆ ಹಳೆಯ ಕಾರುಗಳಲ್ಲಿ ಇನ್ನೊಂದು ಸಣ್ಣ ಭಾಗವೂ ಇದೇ ತೊಂದರೆ ಕೊಡುತ್ತದೆ. ಅದೇ ಹೀಟರ್ ಟ್ಯಾಪ್ ವಾಲ್ವ್.

ಏನಿದು ಟ್ಯಾಪ್?

ಎಂಜಿನ್ ತಣ್ಣಗಿಡುವ ಕೂಲಂಟ್ ನೀರು ಸುಮಾರು 90 ಡಿಗ್ರಿವರೆಗೆ ಬಿಸಿಯಾಗಿರುತ್ತದೆ. ಅದರಲ್ಲಿ ಸ್ವಲ್ಪ ಭಾಗ ಎರಡು ರಬ್ಬರ್ ಹೋಸ್‌ಗಳ ಮೂಲಕ ಡ್ಯಾಶ್‌ಬೋರ್ಡ್ ಒಳಗಿನ ಚಿಕ್ಕ ರೇಡಿಯೇಟರ್‌ಗೆ, ಅಂದರೆ ಹೀಟರ್ ಕೋರ್‌ಗೆ ಹೋಗಿಬರುತ್ತದೆ. ಈ ದಾರಿಯಲ್ಲಿರುವ ನಲ್ಲಿಯೇ ಹೀಟರ್ ಟ್ಯಾಪ್. ನೀವು ನೀಲಿ-ಕೆಂಪು ಗುಂಡಿ ತಿರುಗಿಸಿದಾಗ ಒಂದು ಕೇಬಲ್ ಇದನ್ನು ಎಳೆಯುತ್ತದೆ. ಕೆಲವು ಕಾರುಗಳಲ್ಲಿ ಕೇಬಲ್ ಬದಲು ವ್ಯಾಕ್ಯೂಮ್ ಇರುತ್ತದೆ. ಈಗಿನ ಹಲವು ಕಾರುಗಳಲ್ಲಿ ಟ್ಯಾಪೇ ಇಲ್ಲ, ಗಾಳಿ ಬೆರೆಸುವ ಒಂದು ಬಾಗಿಲು ಆ ಕೆಲಸ ಮಾಡುತ್ತದೆ. ನಿಮ್ಮದು ಯಾವ ತರಹದ್ದು ಅಂತ ಮೊದಲು ಕೇಳಿ ತಿಳ್ಕೊಳ್ಳಿ.

ನಮ್ಮಲ್ಲೇ ಯಾಕೆ ಕೆಡುತ್ತೆ?

ಬೆಂಗಳೂರಿನಲ್ಲಿ ಹೀಟರ್ ಯಾರು ಹಾಕ್ತಾರೆ? 2016ರ ಏಪ್ರಿಲ್ 24ರಂದು 39.2 ಡಿಗ್ರಿ ಕಂಡ ಊರು ನಮ್ಮದು. ಗುಂಡಿ ವರ್ಷಗಟ್ಟಲೆ ನೀಲಿ ಕಡೆಗೇ ಇರುತ್ತದೆ. ಅಲುಗಾಡದ ಟ್ಯಾಪ್ ಒಳಗೆ ತುಕ್ಕು, ಉಪ್ಪಿನ ಪೊರೆ ಕಟ್ಟಿ ಹಿಡಿದುಕೊಳ್ಳುತ್ತದೆ. ಇದಕ್ಕೆ ಜೊತೆಯಾಗುವುದು ಬೋರ್‌ವೆಲ್ ನೀರು. ಕೂಲಂಟ್ ಕಮ್ಮಿ ಆಯ್ತು ಅಂತ ಮನೆ ನಲ್ಲಿಯಿಂದ ಒಂದು ಬಾಟಲಿ ಗಡಸು ನೀರು ಸುರಿದರೆ, ಸ್ನಾನದ ಗೀಸರ್‌ನಲ್ಲಿ ಕಟ್ಟುವ ಬಿಳಿ ಪೊರೆಯೇ ಎಂಜಿನ್ ಒಳಗೂ ಕಟ್ಟುತ್ತದೆ.

ಪತ್ತೆ ಹಚ್ಚೋದು ಹೇಗೆ?

* ಗುಂಡಿ ನೀಲಿ ಕಡೆಗಿಟ್ಟು ಹತ್ತು-ಹದಿನೈದು ನಿಮಿಷ ಓಡಿಸಿ, ಎಂಜಿನ್ ಆಫ್ ಮಾಡಿ. ಟ್ಯಾಪ್ ದಾಟಿದ ಮೇಲಿನ ಹೋಸ್ ಕೂಡ ಸುಡುವಷ್ಟು ಬಿಸಿ ಇದ್ದರೆ ಟ್ಯಾಪ್ ಪೂರ್ತಿ ಮುಚ್ಚುತ್ತಿಲ್ಲ. ಬರಿಗೈಯಲ್ಲಿ ಹಿಡೀಬೇಡಿ, ದಪ್ಪ ಬಟ್ಟೆ ಇರಲಿ.
* ಮೆಕ್ಯಾನಿಕ್‌ಗೆ ಹೇಳಿ ಹೀಟರ್ ಹೋಸನ್ನು ಕ್ಲ್ಯಾಂಪ್‌ನಿಂದ ಸ್ವಲ್ಪ ಹೊತ್ತು ಅದುಮಿಸಿ. ಆಗ ಎಸಿ ತಣ್ಣಗಾದರೆ ತಪ್ಪು ಗ್ಯಾಸಿನದಲ್ಲ, ಟ್ಯಾಪಿನದು.
* ಟ್ಯಾಪ್ ಸುತ್ತ ಹಸಿರು ಅಥವಾ ಗುಲಾಬಿ ಕಲೆ, ಒಣಗಿದ ಬಿಳಿ ಪುಡಿ ಕಂಡರೆ ಅದು ಸೋರಿಕೆ.
* ಕಾಲಡಿ ಕಾರ್ಪೆಟ್ ಒದ್ದೆಯಾಗಿದ್ದರೆ ಮುಟ್ಟಿ ನೋಡಿ. ಬರೀ ನೀರಾದರೆ ಎಸಿ ಡ್ರೈನ್ ಕಟ್ಟಿರಬಹುದು. ಅಂಟಂಟಾಗಿ ಸಿಹಿ ವಾಸನೆ ಬಂದರೆ ಅದು ಕೂಲಂಟ್.

ಈ ಸೋರಿಕೆಯನ್ನು 'ಆಮೇಲೆ ನೋಡೋಣ' ಅಂತ ಬಿಡಬೇಡಿ. ಕೂಲಂಟ್ ಖಾಲಿಯಾಗಿ ಎಂಜಿನ್ ಕಾದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆಗ ಸಣ್ಣ ಭಾಗದ ಖರ್ಚು ಎಂಜಿನ್ ಬಿಚ್ಚುವ ಖರ್ಚಾಗುತ್ತದೆ.

ಬದಲಾಯಿಸುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾದ ಮೇಲೆ ಕೂಲಂಟನ್ನು ತಟ್ಟೆಗೆ ಇಳಿಸಿ. ಹೋಸ್, ಕೇಬಲ್ ಹೇಗಿದ್ದವು ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹೋಸ್ ಅಂಟಿಕೊಂಡಿದ್ದರೆ ಜೋರಾಗಿ ಎಳೆಯಬಾರದು, ಹೀಟರ್ ಕೋರ್ ಪೈಪ್ ಮುರಿದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾದೀತು. ಅದರ ಬದಲು ಹೋಸನ್ನೇ ಉದ್ದಕ್ಕೆ ಸೀಳಿ ಹೊಸದು ಹಾಕೋದು ಲಾಭ.

ಹೊಸ ವಾಲ್ವ್ ಮೇಲೆ ಬಾಣದ ಗುರುತಿದ್ದರೆ ನೀರು ಹರಿಯುವ ದಿಕ್ಕಿಗೇ ಕೂರಿಸಿ. ಕ್ಲಿಪ್‌ಗಳೂ ಹೊಸವೇ ಇರಲಿ. ಗುಂಡಿ ಪೂರ್ತಿ ನೀಲಿ, ವಾಲ್ವ್ ಪೂರ್ತಿ ಬಂದ್, ಎರಡೂ ಹೀಗಿರುವಾಗಲೇ ಕೇಬಲ್ ಸಿಕ್ಕಿಸಬೇಕು. ಆಮೇಲೆ ಗುಂಡಿಯನ್ನು ಕೆಂಪಿಗೆ ಇಟ್ಟು ಕೂಲಂಟ್ ತುಂಬಿ, ಒಳಗಿನ ಗಾಳಿ ಹೊರಹಾಕಿಸಿ. ಮರುದಿನ ಬೆಳಿಗ್ಗೆ ಮಟ್ಟ ನೋಡೋದು ಮರೀಬೇಡಿ. ಬಿಡಿಭಾಗ ಇಲ್ಲಿ ಸಿಗದಿದ್ದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ಹಳೆ ವಾಲ್ವ್ ಜೊತೆಗೇ ತಗೊಂಡು ಹೋಗಿ, ಪೈಪಿನ ಅಳತೆ ತಪ್ಪೋದಿಲ್ಲ.

'ಬೈಪಾಸ್ ಮಾಡ್ಬಿಡ್ಲಾ ಸಾರ್?'

ಟ್ಯಾಪ್ ತೆಗೆದು ಹೋಸ್‌ಗಳನ್ನು ನೇರ ಜೋಡಿಸಿಬಿಡೋದು ಸುಲಭದ ದಾರಿ. ತುರ್ತಿಗೆ ಮನೆ ಮುಟ್ಟೋಕೆ ಸರಿ, ಹಾಗೇ ಬಿಡೋದು ಬೇಡ. ಬೆಳಗಿನ ಜಾವ ಯಶವಂತಪುರ ಎಪಿಎಂಸಿ ಯಾರ್ಡ್‌ಗೆ ಹೋಗುವ ಅಂಗಡಿಯವರಿಗೂ, ನಂದಿಬೆಟ್ಟಕ್ಕೆ ಹೊರಡುವವರಿಗೂ ಇದು ಗೊತ್ತಿರಲಿ: ಗಾಜಿನ ಮಂಜು ಬೇಗ ಬಿಡಿಸೋದು ಎಸಿ ಮತ್ತು ಬಿಸಿ ಗಾಳಿ ಎರಡೂ ಸೇರಿದಾಗ. ಇನ್ನೊಂದು ಉಪಯೋಗವೂ ಇದೆ. ಟ್ರಾಫಿಕ್‌ನಲ್ಲಿ ಟೆಂಪರೇಚರ್ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಮತ್ತು ಫ್ಯಾನ್ ಫುಲ್ ಇಡಿ. ಸೆಕೆಯಾಗುತ್ತೆ ನಿಜ, ಆದರೆ ಎಂಜಿನ್ ಶಾಖ ಒಂದಷ್ಟು ಹೊರಹೋಗಿ, ಪಕ್ಕಕ್ಕೆ ನಿಲ್ಲಿಸುವಷ್ಟು ಸಮಯ ಸಿಗುತ್ತದೆ.

ಕಾಪಾಡಿಕೊಳ್ಳೋದು ಹೀಗೆ

ತಿಂಗಳಿಗೊಮ್ಮೆ ಗುಂಡಿಯನ್ನು ನೀಲಿಯಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ ನಾಲ್ಕೈದು ಸಲ ತಿರುಗಿಸಿ. ಖರ್ಚು ಸೊನ್ನೆ. ಕಾರಿನ ಪುಸ್ತಕದಲ್ಲಿ ಹೇಳಿದ ಅವಧಿಗೆ ಕೂಲಂಟ್ ಬದಲಿಸಿ, ಬೆರೆಸೋಕೆ ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ.

ಕೊನೆಯದಾಗಿ, ಹಳೆ ಕೂಲಂಟನ್ನು ಚರಂಡಿಗೆ ಸುರೀಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ ಇರೋದ್ರಿಂದ ಬೀದಿ ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ, ಮಕ್ಕಳಿಗೂ ಅಪಾಯ. ನಮ್ಮ ಕಡೆಯ ರಾಜಕಾಲುವೆಗಳ ನೀರು ಕೊನೆಗೆ ಸೇರೋದು ಯಲಹಂಕ, ಜಕ್ಕೂರು, ಹೆಬ್ಬಾಳದ ಕೆರೆಗಳಿಗೇ. ಕ್ಯಾನ್‌ನಲ್ಲಿ ಹಿಡಿದು ಬಿಗಿಯಾಗಿ ಮುಚ್ಚಿ, ವೇಸ್ಟ್ ಆಯಿಲ್ ಜೊತೆ ಇದನ್ನೂ ಬೇರೆಯಾಗಿ ಪಡೆಯುವ ಸರ್ವಿಸ್ ಸೆಂಟರ್‌ಗೆ ಕೊಡಿ.