ಗಿರಿಯಾತ್ರೆ ಮತ್ತು ಈರ್ಯಾಸಮಿತಿ

ಯುಗಾದಿ ಸಮೀಪಿಸಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಿಂದ ಶ್ರೀಶೈಲ ಮಲ್ಲಯ್ಯನ ಭಕ್ತರು ಕಂಬಿ ಹೊತ್ತು ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. 400 ಕಿಲೋಮೀಟರಿಗೂ ಮಿಕ್ಕ ದಾರಿ, ಉರಿಬಿಸಿಲು. ಭ್ರಮರಾಂಬೆಯನ್ನು ಮನೆಮಗಳೆಂದೇ ಭಾವಿಸುವ ಇವರು ಆಕೆಗೆ ತವರಿನ ಸೀರೆ, ಅರಿಷಿಣ, ಕುಂಕುಮ ಒಯ್ಯುವುದುಂಟು. ದಾರಿಯ ಊರುಗಳಲ್ಲಿ ರೊಟ್ಟಿ, ಮಜ್ಜಿಗೆ ಕೊಟ್ಟು, ಊದಿಕೊಂಡ ಪಾದಗಳಿಗೆ ಎಣ್ಣೆ ತಿಕ್ಕುವವರಿರುತ್ತಾರೆ. ನಮ್ಮ ಘಟಪ್ರಭೆಯೂ ಕೃಷ್ಣೆಯನ್ನು ಕೂಡಿ, ಆ ಬೆಟ್ಟದ ಬುಡದಲ್ಲಿ ಪಾತಾಳಗಂಗೆಯೆನಿಸಿ ಹರಿಯುತ್ತಾಳೆ.

ಈ ನಡಿಗೆಯನ್ನು ಜೈನ ಶ್ರಾವಕನು ಗೌರವದಿಂದಲೇ ಕಾಣಬೇಕು. ನಮ್ಮ ಮುನಿಗಳದೂ ಜೀವಮಾನವಿಡೀ ಕಾಲ್ನಡಿಗೆಯೇ. ಆದರೆ ಅವರ ನಡಿಗೆಗೆ ಈರ್ಯಾಸಮಿತಿಯೆಂಬ ಕಟ್ಟಳೆಯಿದೆ: ಹಗಲಿನ ಬೆಳಕಿನಲ್ಲಿ, ಜನ ತುಳಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡಬೇಕು. ಇರುವೆಯೂ ಕಾಲಡಿಯಲ್ಲಿ ಸಿಲುಕಬಾರದು. ಕಣ್ಣು ಶಿಖರದ ಮೇಲೆಯೇ ನೆಟ್ಟರೆ ಇದು ಸಾಧ್ಯವಿಲ್ಲ. ಎಷ್ಟು ದಿನಕ್ಕೆ ಮುಟ್ಟಿದೆವು ಎಂದು ಲೆಕ್ಕ ಹೇಳಿ ಬೀಗುವವರು ಎಲ್ಲ ಯಾತ್ರೆಗಳಲ್ಲೂ ಇದ್ದಾರೆ. ನಾವೇನು ಹೊರತಲ್ಲ. 20 ತೀರ್ಥಂಕರರು ಮುಕ್ತರಾದ ಸಮ್ಮೇದಶಿಖರಜಿಯನ್ನು ನಡುರಾತ್ರಿಯಲ್ಲೇ ಬ್ಯಾಟರಿ ಹಿಡಿದು ಏರತೊಡಗುವ ನಾವು ಈರ್ಯಾಸಮಿತಿಯ ಮಾತನ್ನು ಇನ್ನೊಬ್ಬರಿಗೆ ಹೇಳುವ ಮುನ್ನ ಸ್ವಲ್ಪ ಯೋಚಿಸಬೇಕು.

ಶಿಖರಜಿಯ ಮಾತು ಬಂದಾಗ ನಮ್ಮ ಜಿಲ್ಲೆಯವರೇ ಆದ ಆಚಾರ್ಯ ಶಾಂತಿಸಾಗರ ಮಹಾರಾಜರನ್ನು ನೆನೆಯಬೇಕು. 1872ರಲ್ಲಿ ಜನಿಸಿ, ಭೋಜ ಗ್ರಾಮದಲ್ಲಿ ಬೆಳೆದ ಅವರು ಗೃಹಸ್ಥಾಶ್ರಮದಲ್ಲಿ ಸಾತಗೌಡರು. ಆಗಲೇ ಶಿಖರಜಿಗೆ ಹೋಗಿದ್ದರು. ಬೆಟ್ಟ ಏರಲಾರದೆ ಕುಳಿತ ಒಬ್ಬ ವೃದ್ಧೆಯನ್ನು ಕಂಡು, ಅವರನ್ನು ಹೊತ್ತುಕೊಂಡೇ ವಂದನೆ ಮಾಡಿಸಿದರೆಂದು ಅವರ ಚರಿತ್ರೆ ಹೇಳುತ್ತದೆ. ಕಾಲಡಿಯ ಜೀವವನ್ನು ನೋಡಿ ನಡೆಯುವ ಕಣ್ಣಿಗೆ ಹಿಂದುಳಿದ ಜೀವವೂ ಕಾಣುತ್ತದೆ. ಆ ಯಾತ್ರೆಯಿಂದ ಮರಳಿದ ಮೇಲೆ ಅವರು ತುಪ್ಪ, ಎಣ್ಣೆಗಳನ್ನು ಜೀವನಪರ್ಯಂತ ತ್ಯಜಿಸಿದರಂತೆ.

ಗೃಹಸ್ಥರಾದ ನಮಗೆ ಮುನಿಗಳ ಸಮಿತಿ ಪೂರ್ಣವಾಗಿ ಸಾಧ್ಯವಾಗದು. ನಮಗಾಗಿ ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ‘ಪ್ರಮಾದಚರ್ಯೆ’ಯನ್ನು ವಿವರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಕೆದಕುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಮುರಿಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಶ್ರೀಶೈಲದ ಪಾದಯಾತ್ರಿಗಳು ಕೊನೆಗೆ ಹಾಯುವ ನಲ್ಲಮಲ ಅರಣ್ಯವು ಹುಲಿಗಳ ನೆಲೆ. ಚೈತ್ರದ ಬಿಸಿಲಿಗೆ ತರಗೆಲೆ ಒಣಗಿ ಬಿದ್ದಿರುತ್ತದೆ. ಆರಿಸದ ಒಂದು ಒಲೆ, ಎಸೆದ ಒಂದು ಬೀಡಿ ಸಾಕು. ಅಲ್ಲಿನ ಕೆರೆ-ಕೊಳಗಳ ನೀರು ಯಾತ್ರಿಕರಿಗೆ ಎಷ್ಟು ಆಸರೆಯೋ ಜಿಂಕೆಗೂ ಅಷ್ಟೇ ಆಸರೆ. ಪ್ಲಾಸ್ಟಿಕ್ ಬಾಟಲಿಯನ್ನು ಪೊದೆಗೆ ಎಸೆದು, ಸಾಬೂನು ಹಚ್ಚಿ ಕೊಳಕ್ಕಿಳಿದರೆ ಮಲ್ಲಯ್ಯನ ಕಾಡಿಗೆ ಏನು ಸಲ್ಲಿಸಿದಂತಾಯಿತು?

ಈ ಸಲ ಹೊರಡುವವರು ಚೀಲದಲ್ಲಿ ಒಂದು ತಂಬಿಗೆಯನ್ನೂ, ನೀರು ಸೋಸಲು ಇಮ್ಮಡಿ ಮಡಚಿದ ಹತ್ತಿಬಟ್ಟೆಯನ್ನೂ ಇಟ್ಟುಕೊಳ್ಳಲಿ. ಸೋಸಿದ ಮೇಲೆ ಆ ಬಟ್ಟೆಯನ್ನು ಅದೇ ಕೊಳದ ನೀರಿನಲ್ಲಿ ಮೆಲ್ಲಗೆ ಅದ್ದಿ, ಅದಕ್ಕೆ ಅಂಟಿದ ಸೂಕ್ಷ್ಮ ಜೀವಿಗಳನ್ನು ಹಿಂದಕ್ಕೆ ಬಿಡುವುದು ನಮ್ಮ ಮನೆಗಳಲ್ಲಿ ಹಿರಿಯರು ನಡೆಸಿಕೊಂಡು ಬಂದ ಕ್ರಮ.